ಕೂರುತ್ತೆ ಸಾರ್, ಆದ್ರೆ ಹೊಂದುತ್ತಾ?

"ಎಲ್ಲಾ ಡೈರೆಕ್ಟ್ ಫಿಟ್ಟು ಸಾರ್. ತಲೆನೇ ಕೆಡಿಸ್ಕೋಬೇಡಿ."

ನನಗೆ ಜೀಪು ಮಾರಿದ ಬೆಂಗಳೂರಿನ ಗ್ಯಾರೇಜಿನವರು ಹೇಳಿದ ಮಾತಿದು. ಎಪ್ಪತ್ತರ ದಶಕದ ಮಹೀಂದ್ರ ಸಿಜೆ-3ಬಿ. ಅದರೊಳಗೆ ಹುಟ್ಟಿನಿಂದ ಇದ್ದ ಪೆಟ್ರೋಲ್ ಎಂಜಿನ್ ತೆಗೆದು ಮಹೀಂದ್ರದ್ದೇ ಎರಡೂವರೆ ಲೀಟರಿನ ಡಿಐ ಡೀಸೆಲ್ ಕೂರಿಸಿದ್ದರು. ಹೊಸ ಪೇಂಟು, ಹೊಸ ಟಯರು, ಹೊಸ ಸೀಟು. ಸ್ಟಾರ್ಟ್ ಮಾಡಿದರೆ ಇಡೀ ಬೀದಿಗೆ ಕೇಳಿಸುವಂಥ ಗಡಗಡ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ನನ್ನಂಥವನಿಗೆ ಆ ಸದ್ದೇ ಸಾಕಾಗಿತ್ತು. ಕೇಳಿದ್ದು ಒಂದೇ ಪ್ರಶ್ನೆ: "ಪವರ್ ಹೆಂಗಿದೆ?" ಅವರು ನಕ್ಕು ಕೀ ಕೈಗಿಟ್ಟರು.

ಜುಲೈನಲ್ಲಿ ಅದನ್ನು ಮೂಡಿಗೆರೆ ಹತ್ತಿರದ ಭಾವನ ತೋಟಕ್ಕೆ ಓಡಿಸಿಕೊಂಡು ಹೋದೆ. ಹಳ್ಳ ದಾಟಿ ಕಣಕ್ಕೆ ಹತ್ತುವ ದಾರಿ. ಕೆಳಗೆಲ್ಲ ಕೆಸರು, ಮೇಲಿನ ತಿರುವಿನಲ್ಲಿ ಮಣ್ಣು ಕೊಚ್ಚಿಹೋಗಬಾರದು ಅಂತ ಕಾಂಕ್ರೀಟ್ ಹಾಕಿಸಿದ್ದಾರೆ. ಪಕ್ಕದಲ್ಲಿ ಭಾವ, ಹಿಂದೆ ಅವರ ಮಗಳು. ಫೋರ್ ವೀಲ್ ಹಾಕಿದೆ. ಕೆಸರಿನಲ್ಲಿ ಸ್ಟೇರಿಂಗ್ ಏನೋ ಜಗಳ ಆಡ್ತಾ ಇತ್ತು, ಹಳೇ ಜೀಪಲ್ವಾ ಅಂದುಕೊಂಡೆ. ಕಾಂಕ್ರೀಟಿಗೆ ಚಕ್ರ ತಾಗಿದ ಮೇಲೆ ಜೀಪು ಬಿಗಿದುಕೊಂಡಿತು. ಇನ್ನೊಂಚೂರು ಆಕ್ಸಿಲರೇಟರ್ ಒತ್ತಿದೆ. ಕೆಳಗಿನಿಂದ ಬಂದೂಕು ಹೊಡೆದ ಹಾಗೆ ಒಂದು ಸದ್ದು.

ಗಾಬರಿಯಲ್ಲಿ ನಾನು ಮಾಡಿದ್ದು ಎರಡು ಕೆಲಸ. ಫೋರ್ ವೀಲಿನ ಲಿವರ್ ವಾಪಸ್ ಎಳೆದೆ. ಹ್ಯಾಂಡ್ ಬ್ರೇಕ್ ಎಳೆದೆ. ಜೀಪು ನಿಧಾನಕ್ಕೆ ಹಿಂದಕ್ಕೆ ಜಾರಲು ಶುರುವಾಯ್ತು. ಕಾಲಿನ ಬ್ರೇಕು ಹಳ್ಳದ ನೀರು ಕುಡಿದು ಅರೆಬರೆ ಹಿಡೀತಾ ಇತ್ತು. "ಮಾವ, ಕಾಲು ತೆಗೀಬೇಡಿ!" ಅಂತ ಕೂಗಿ ಹುಡುಗಿ ಹಿಂದಿನಿಂದ ಹಾರಿದವಳೇ ದಾರಿ ಬದಿಯ ಕಲ್ಲೊಂದನ್ನು ಉರುಳಿಸಿ ಚಕ್ರದ ಹಿಂದೆ ಕೊಟ್ಟಳು. ಆಮೇಲೆ ಐದು ನಿಮಿಷ ಯಾರೂ ಮಾತಾಡಲಿಲ್ಲ.

ಮೂಡಿಗೆರೆಯಿಂದ ಬಂದ ಮೆಕ್ಯಾನಿಕ್ ವಯಸ್ಸಾದವರು. ಕೆಳಗೆ ಮಲಗಿ ನೋಡಿದರು. ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್ ಎರಡು ತುಂಡು. ಆಮೇಲೆ ಅವರು ಮಾಡಿದ್ದು ನನಗೆ ವಿಚಿತ್ರ ಅನ್ನಿಸಿತು. ಸಮತಟ್ಟು ಜಾಗಕ್ಕೆ ಎಳೆಸಿ, ಹಿಂದಿನ ಒಂದು ಚಕ್ರ ಮಾತ್ರ ಜಾಕ್‌ನಲ್ಲಿ ಎತ್ತಿ, ಪಿನಿಯನ್ನಿನ ಮೂತಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿದರು. ಚಕ್ರವನ್ನು ಕೈಯಲ್ಲಿ ಸರಿಯಾಗಿ ಎರಡು ಸುತ್ತು ತಿರುಗಿಸಿ, ಗುರುತು ಎಷ್ಟು ಸುತ್ತು ಬಂತು ಅಂತ ಎಣಿಸಿದರು. ಐದಕ್ಕೆ ಸ್ವಲ್ಪ ಕಮ್ಮಿ. ಮುಂದಿನದಕ್ಕೂ ಹಾಗೇ ಮಾಡಿದರು. ಐದೂ ಕಾಲಿಗಿಂತ ಜಾಸ್ತಿ. ಎದ್ದು ಕೈ ಒರೆಸಿಕೊಂಡು ಹೇಳಿದರು:

"ಕೂರಿಸಿದಾರೆ ಸಾರ್. ಹೊಂದಿಸಿಲ್ಲ."

ಎಂಜಿನ್ ಬದಲಾವಣೆ ಬಗ್ಗೆ ನನಗಿರುವ ತಕರಾರೆಲ್ಲ ಈ ಎರಡು ಪದಗಳ ನಡುವೆ ಇದೆ. ನಮ್ಮ ಸ್ವಾಪ್ ಪ್ರಪಂಚ ಪೂರ್ತಿ ನಿಂತಿರುವುದು 'ಕೂರುತ್ತೆ' ಅನ್ನುವ ಪದದ ಮೇಲೆ. ಈ ಎಂಜಿನ್ ಆ ಗಾಡಿಗೆ ಕೂರುತ್ತಾ? ಕೂರುತ್ತೆ. ಬೆಲ್ ಹೌಸಿಂಗಿಗೆ ಅಡಾಪ್ಟರ್ ಪ್ಲೇಟ್ ಲೇತಿನಲ್ಲಿ ಮಾಡಿಸಬಹುದು, ಮೌಂಟ್ ವೆಲ್ಡ್ ಮಾಡಬಹುದು, ರೇಡಿಯೇಟರ್ ಮುಂದಕ್ಕೆ ತಳ್ಳಬಹುದು. ಕಬ್ಬಿಣಕ್ಕೆ ಕಬ್ಬಿಣ ಸೇರಿಸುವುದು ನಮ್ಮಲ್ಲಿ ಯಾವತ್ತೂ ಕಷ್ಟದ ಕೆಲಸ ಅಲ್ಲ. ಮೊದಲ ಸಲ ಸ್ಟಾರ್ಟ್ ಆದ ಕ್ಷಣ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಕತೆ ಅಲ್ಲಿಗೇ ಮುಗಿಯುತ್ತೆ. ಕೋಡ್ ಕಂಪೈಲ್ ಆಯ್ತು ಅಂತ ಅದೇ ದಿನ ಪ್ರೊಡಕ್ಷನ್‌ಗೆ ಹಾಕಿದರೆ ಮ್ಯಾನೇಜರ್ ಏನಂತಾರೆ ಅಂತ ನಮಗೆಲ್ಲ ಗೊತ್ತು. ಜೀಪಿನ ವಿಷಯಕ್ಕೆ ಬಂದರೆ ಮಾತ್ರ ಅದೇ ನಾವು ಕಂಪೈಲ್ ಆದ ದಿನವೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಹತ್ತುತ್ತೇವೆ.

ನನ್ನ ಜೀಪಿನಲ್ಲಿ ಏನಾಗಿತ್ತು ನೋಡಿ. ಸಿಜೆ-3ಬಿಯ ಮೂಲ ಎಂಜಿನ್ ವಿಲ್ಲಿಸ್ ಕಂಪನಿಯ 'ಹರಿಕೇನ್'. 2.2 ಲೀಟರಿನ ಪೆಟ್ರೋಲ್, ಸುಮಾರು 4000 ಆರ್‌ಪಿಎಂವರೆಗೆ ಎಳೆಯುತ್ತೆ. ಅದಕ್ಕೆ ಸರಿಯಾಗಿ ಆಕ್ಸಲ್‌ನಲ್ಲಿ 43 ಹಲ್ಲಿನ ಕ್ರೌನ್, 8 ಹಲ್ಲಿನ ಪಿನಿಯನ್. ಭಾಗಿಸಿದರೆ 5.38. ಅಂದರೆ ಶಾಫ್ಟು ಐದೂ ಚಿಲ್ಲರೆ ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಜೀಪಿನ ಹಳೇ ಅಳತೆಯ 6.00-16 ಟಯರಿನಲ್ಲಿ ಲೆಕ್ಕ ಹಾಕಿದರೆ ಟಾಪ್ ಗೇರಿನಲ್ಲಿ ಗಂಟೆಗೆ ಹೆಚ್ಚು ಕಮ್ಮಿ 100 ಕಿಲೋಮೀಟರ್.

ಈಗ ಅದರ ಜಾಗಕ್ಕೆ ಡಿಐ ಬಂತು. ಈ ಎಂಜಿನ್ನಿನ ಬೋರ್ 88.9 ಮಿಲಿಮೀಟರ್, ಸ್ಟ್ರೋಕ್ 101.6. ಅಂದರೆ ಸರಿಯಾಗಿ ಮೂರೂವರೆ ಇಂಚು, ನಾಲ್ಕು ಇಂಚು. ಈ ಇಂಚಿನ ಅಳತೆಗಳೇ ಅದರ ಕುಲಗೋತ್ರ ಹೇಳುತ್ತವೆ: ಮಹೀಂದ್ರ 1963ರಲ್ಲಿ ಯಾರ ಜೊತೆ ಸೇರಿ ಟ್ರ್ಯಾಕ್ಟರ್ ಶುರುಮಾಡಿತೋ ಆ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮನೆತನದ ಅಳತೆ ಅದು. ಉಳುವ ಎಂಜಿನ್, ಓಡುವ ಎಂಜಿನ್ ಅಲ್ಲ. 2010ರ ಥಾರ್ ಡಿಐನಲ್ಲಿ ಬಂದಾಗಲೂ ಅದರ ಪೂರ್ತಿ ಶಕ್ತಿ 63 ಬಿಎಚ್‌ಪಿ, ಅದೂ 3200 ಆರ್‌ಪಿಎಂಗೇ ಮುಗೀತು. ಅದೇ 5.38ರ ಆಕ್ಸಲ್‌ನಲ್ಲಿ ಇದು 80 ಕಿಲೋಮೀಟರ್ ಸ್ಪೀಡಿಗೆ ಏದುಸಿರು ಬಿಡುತ್ತೆ.

ಯಾರೋ ಕಸ್ಟಮರ್ ಕೇಳಿರಬೇಕು, "ಹೈವೇಲಿ ಹೋಗಲ್ವಲ್ರೀ ಇದು?" ಅಂತ. ಗ್ಯಾರೇಜಿನವರು ಗುಜರಿಯಿಂದ ಇನ್ನೊಂದು ಜೀಪಿನ ಹಿಂದಿನ ಆಕ್ಸಲ್ ತಂದು ಹಾಕಿದ್ದಾರೆ. 39ಕ್ಕೆ 8, ಅಂದರೆ 4.88. ಅದೂ ಬೋಲ್ಟಿಗೆ ಬೋಲ್ಟ್ ಕೂತಿದೆ! ಸ್ಪೀಡು 88ಕ್ಕೆ ಏರಿತು. ಮುಂದಿನ ಆಕ್ಸಲ್ ಮಾತ್ರ ಹಳೆಯದೇ ಉಳೀತು, ಯಾಕಂದ್ರೆ ಟೂ ವೀಲ್‌ನಲ್ಲಿ ಓಡಿಸುವವರೆಗೆ ಯಾರಿಗೂ ಏನೂ ಗೊತ್ತಾಗಲ್ಲ. ಬೆಂಗಳೂರಿನಲ್ಲಿ ಫೋರ್ ವೀಲ್ ಯಾರು ಹಾಕ್ತಾರೆ?

ಫೋರ್ ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸು ಎರಡೂ ಶಾಫ್ಟುಗಳನ್ನು ಒಂದೇ ವೇಗದಲ್ಲಿ ತಿರುಗಿಸಿ ಅಂತ ಕಟ್ಟಿಹಾಕುತ್ತೆ. ಆದರೆ ನನ್ನ ಜೀಪು ನೂರು ಮೀಟರ್ ಹೋಗಬೇಕಾದರೆ ಮುಂದಿನ ಶಾಫ್ಟಿಗೆ ಬೇಕಾದ್ದು ಸುಮಾರು 239 ಸುತ್ತು, ಹಿಂದಿನದಕ್ಕೆ 217. ಆ 22 ಸುತ್ತಿನ ವ್ಯತ್ಯಾಸ ಎಲ್ಲಿಗೆ ಹೋಗಬೇಕು? ಕೆಸರಿನಲ್ಲಿ ಚಕ್ರ ಜಾರಿ ಅದನ್ನು ನುಂಗಿತು; ಅದೇ ಸ್ಟೇರಿಂಗಿನ ಜಗಳ. ಕಾಂಕ್ರೀಟಿನಲ್ಲಿ ಚಕ್ರ ಜಾರಲಿಲ್ಲ. ಹಗ್ಗ ಹೊಸೆದ ಹಾಗೆ ಬಿಗಿದು ಬಿಗಿದು ಎಲ್ಲಕ್ಕಿಂತ ಬಡಪಾಯಿ ಯಾವುದಿತ್ತೋ ಅದು ಮುರೀತು. ಈ ಜೀಪುಗಳ ಹ್ಯಾಂಡ್ ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಶಾಫ್ಟಿನ ಬುಡದಲ್ಲಿ. ಶಾಫ್ಟು ಹೋದರೆ ಹಿಂದಿನ ಚಕ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಫೋರ್ ವೀಲಿನಲ್ಲೇ ಬಿಟ್ಟಿದ್ದರೆ ಅದು ಮುಂದಿನ ಚಕ್ರಗಳನ್ನಾದರೂ ಹಿಡಿಯುತ್ತಿತ್ತು. ಲಿವರ್ ಎಳೆದು ಆ ಕೊನೆಯ ಸಂಬಂಧವನ್ನೂ ಕಡಿದವನು ನಾನೇ.

ಹೀಗೆ ಎಂಜಿನ್ನಿನ ಆರ್‌ಪಿಎಂನಿಂದ ಶುರುವಾದ ಕತೆ ಹ್ಯಾಂಡ್ ಬ್ರೇಕಿನಲ್ಲಿ ಮುಗೀತು. ನಡುವೆ ಕೂರದೇ ಇದ್ದದ್ದು ಒಂದೂ ಇಲ್ಲ. ಎಲ್ಲವೂ ಡೈರೆಕ್ಟ್ ಫಿಟ್ಟು. ಎಂಟು ಕಿಲೋಮೀಟರ್ ಸ್ಪೀಡಿಗಾಗಿ!

ಹಾಗಂತ ಸ್ವಾಪ್ ಅನ್ನೋದೇ ತಪ್ಪು, ಕಂಪನಿ ಕೊಟ್ಟ ಹಾಗೇ ಇಟ್ಟುಕೊಳ್ಳಬೇಕು ಅಂತ ಮಡಿವಂತಿಕೆ ಮಾಡುವವರ ಪಕ್ಷ ನನ್ನದಲ್ಲ. ಜೀಪಿನ ಚರಿತ್ರೆಯೇ ಸ್ವಾಪಿನ ಚರಿತ್ರೆ. ಸಿಜೆ-3ಬಿಯ ಬಾನೆಟ್ ಯಾಕೆ ಅಷ್ಟು ಎತ್ತರ, ಮುಖ ಯಾಕೆ ಅಷ್ಟು ಉದ್ದ ಅಂತ ಯೋಚಿಸಿದ್ದೀರಾ? ಯುದ್ಧಕಾಲದ ಜೀಪಿನಲ್ಲಿ 60 ಎಚ್‌ಪಿಯ ತಗ್ಗಾದ ಎಂಜಿನ್ ಇತ್ತು. ಅದರದೇ ಗಾತ್ರದ, ಆದರೆ ಇನ್‌ಟೇಕ್ ವಾಲ್ವುಗಳನ್ನು ತಲೆ ಮೇಲೆ ಹೊತ್ತ, 70 ದಾಟಿದ ಎಚ್‌ಪಿಯ ಹರಿಕೇನ್ ಅನ್ನು 1953ರಲ್ಲಿ ಆ ಮೈಯೊಳಗೆ ಇಳಿಸಲು ಹೋದಾಗ ಎತ್ತರ ಸಾಲಲಿಲ್ಲ. ವಿಲ್ಲಿಸ್‌ನವರು ಬಾನೆಟ್ಟನ್ನೇ ಎತ್ತರಿಸಿದರು, ಗ್ರಿಲ್ಲನ್ನೂ ಎಳೆದರು. ನೋಡಲು ಚಂದ ಕಾಣದಿದ್ದರೂ ಪರವಾಗಿಲ್ಲ, ಎಂಜಿನ್ನಿಗೆ ಗಾಡಿ ಹೊಂದಬೇಕು ಅಂದುಕೊಂಡರು. ಆ ಉದ್ದಮುಖದ ಜೀಪನ್ನೇ ಮಹೀಂದ್ರ ವರ್ಷಗಟ್ಟಲೆ ತಯಾರಿಸಿತು. ಆಮೇಲೆ ಬಂದ ಎಂಎಂ540ಯಲ್ಲಿ ಅಮೆರಿಕದ ಮೈ, ಫ್ರಾನ್ಸಿನ ಪೂಜೋ ಎಂಜಿನ್. ಆ ಎಂಜಿನ್ನಿನ ಹೆಸರು ಎಕ್ಸ್‌ಡಿಪಿ 4.90, ಅಂದರೆ ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್. ನಮ್ಮ ಮಲೆನಾಡಿನ ತೋಟಗಳಲ್ಲಿ ಎಷ್ಟೋ ಕಡೆ ಇವತ್ತಿಗೂ ಗೊಬ್ಬರ ಹೊರುತ್ತಿರುವುದು ಈ ಬೆರಕೆಯೇ. ಕಂಪನಿ ಮಾಡಿದ ಸ್ವಾಪ್ ಬಾಳಿಕೆ ಬರುವುದಕ್ಕೆ ಕಾರಣ ಇಷ್ಟೇ: ಅವರು ಎಂಜಿನ್ ಬದಲಾಯಿಸಿದ ಮೇಲೆ ಅದರ ಹಿಂದಿರುವುದನ್ನೆಲ್ಲ ಮತ್ತೆ ಲೆಕ್ಕ ಹಾಕುತ್ತಾರೆ.

ಗ್ಯಾರೇಜಿನ ಸ್ವಾಪುಗಳನ್ನೂ ಇದೇ ಅಳತೆಗೋಲಿನಲ್ಲಿ ನೋಡಬೇಕು ಅಂತ ನನ್ನ ವಾದ. ನಾನು ನೋಡಿದವುಗಳಲ್ಲಿ ಹೆಚ್ಚು ಮಾರ್ಕ್ಸ್ ಕೊಡುವುದು ಜಿಪ್ಸಿಗೆ ಎಸ್ಟೀಮಿನ ಎಂಜಿನ್ ಹಾಕುವುದಕ್ಕೆ. ಜಿಪ್ಸಿ ಕಿಂಗ್‌ನ 1.3 ಲೀಟರ್ ಎಂಜಿನ್, ಎಸ್ಟೀಮಿನ 1.3, ಹಳೇ ಬಲೆನೋದ 1.6, ಮೂರೂ ಸುಜುಕಿಯ 'ಜಿ' ಕುಟುಂಬದವು, ದಾಯಾದಿಗಳು. ಗೇರ್ ಬಾಕ್ಸಿನ ಕಡೆಯ ಮುಖ ಹೊಂದುತ್ತೆ, ಆರ್‌ಪಿಎಂ ಸ್ವಭಾವ ಹತ್ತಿರ, ತೂಕ ಹತ್ತಿರ. ಬಿಡಿಭಾಗ ಜೆ.ಸಿ. ರೋಡಿನಲ್ಲೂ ಸಿಗುತ್ತೆ, ಸಕಲೇಶಪುರದಲ್ಲೂ ಸಿಗುತ್ತೆ. ಹಾಗಂತ ಇದೂ ಕಣ್ಣುಮುಚ್ಚಿ ಹಾಕುವಂಥದ್ದಲ್ಲ. ಕಾರಿನಲ್ಲಿ ಎಂಜಿನ್ ಅಡ್ಡಡ್ಡ ಮಲಗಿರುತ್ತೆ, ಜಿಪ್ಸಿಯಲ್ಲಿ ಉದ್ದುದ್ದ. ಕಾರಿನ ಆಯಿಲ್ ಸಂಪ್ ಹಾಗೇ ಬಿಟ್ಟರೆ ಮುಂದಿನ ಆಕ್ಸಲ್ ಕುಣಿದಾಗ ಅದಕ್ಕೆ ಬಡಿಯುವ ಅಪಾಯ. ಬಲ್ಲವರು ಜಿಪ್ಸಿಯ ಸಂಪನ್ನೇ ಬಿಚ್ಚಿ ಹೊಸ ಎಂಜಿನ್ನಿಗೆ ಹಾಕುತ್ತಾರೆ. ಗ್ಯಾರೇಜಿನವರು ಸಂಪಿನ ಮಾತು ತಾವಾಗೇ ಎತ್ತಿದರೆ ಅಲ್ಲಿ ಧೈರ್ಯವಾಗಿ ಗಾಡಿ ಬಿಡಬಹುದು.

ಜಿಪ್ಸಿಗೆ ಡೀಸೆಲ್ ಹಾಕುವವರ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಮೈಲೇಜು ಬರುತ್ತೆ, ನಿಜ. ಆದರೆ ಪೆಟ್ರೋಲ್ ಎಂಜಿನ್ ಉಸಿರೆಳೆಯುವಾಗ ಹುಟ್ಟುವ ವ್ಯಾಕ್ಯೂಮಿನಿಂದ ಬ್ರೇಕ್ ಬೂಸ್ಟರ್ ಕೆಲಸ ಮಾಡುತ್ತೆ. ಡೀಸೆಲ್‌ನಲ್ಲಿ ಆ ವ್ಯಾಕ್ಯೂಮ್ ಹುಟ್ಟಲ್ಲ, ಅದಕ್ಕೇ ಬೇರೆ ಪಂಪ್ ಇರುತ್ತೆ. ಆ ಪಂಪನ್ನು ಸರಿಯಾಗಿ ಜೋಡಿಸದೆ ಎಂಜಿನ್ ಮಾತ್ರ ಸ್ಟಾರ್ಟ್ ಮಾಡಿ ಚಪ್ಪಾಳೆ ತಟ್ಟಿಸಿಕೊಂಡವರಿಗೆ, ಮಾಂದಲಪಟ್ಟಿಯಂಥ ಇಳಿಜಾರಿನಲ್ಲಿ ಬ್ರೇಕು ಕಲ್ಲಾದಾಗಲೇ ವಿಷಯ ತಿಳಿಯುವುದು.

ಇನ್ನು ನಮ್ಮ ಐಟಿ ಮಂದಿಯ ಕನಸು: ಹಳೇ ಎಂಎಂ540ಗೆ ಥಾರ್ ಸಿಆರ್‌ಡಿಇ ಎಂಜಿನ್. ಪೂಜೋದ ಟಾರ್ಕ್ ಸುಮಾರು 120 ನ್ಯೂಟನ್ ಮೀಟರ್, ಸಿಆರ್‌ಡಿಇಯದು 247. ಎರಡರಷ್ಟು. ಲೋ ರೇಂಜ್ ಹಾಕಿದಾಗ ಟ್ರಾನ್ಸ್‌ಫರ್ ಕೇಸು ಬರುವ ಟಾರ್ಕನ್ನು ಇನ್ನೂ ಎರಡೂ ಚಿಲ್ಲರೆ ಪಟ್ಟು ಮಾಡಿ ಮುಂದಕ್ಕೆ ತಳ್ಳುತ್ತೆ. ಅಂದರೆ ಗೇರ್ ಬಾಕ್ಸಿನಿಂದ ಹಿಡಿದು ಆಕ್ಸಲ್ ಶಾಫ್ಟಿನ ತನಕ ಪ್ರತಿಯೊಂದಕ್ಕೂ ಎರಡರಷ್ಟು ಹೊರೆ. ಜೊತೆಗೆ ಇಸಿಯು, ವೈರಿಂಗು, ಸೆನ್ಸರುಗಳು. ದುಡ್ಡು, ತಾಳ್ಮೆ, ಸ್ಕ್ಯಾನರ್ ಇಟ್ಟುಕೊಂಡ ಮೆಕ್ಯಾನಿಕ್ ಮೂರೂ ಇದ್ದರೆ ಇದು ಅದ್ಭುತ ಕೆಲಸ, ಒಂದೆರಡು ಅಂಥವನ್ನು ನೋಡಿ ಹೊಟ್ಟೆ ಉರಿಸಿಕೊಂಡಿದ್ದೇನೆ. ಆದರೆ ಕಾಡಿನ ನಡುವೆ ಒಂದು ಸೆನ್ಸರ್ ಕೈಕೊಟ್ಟರೆ ಸ್ಪ್ಯಾನರ್ ಹಿಡಿದ ಯಾವ ಅಣ್ಣನೂ ನಿಮ್ಮನ್ನು ಕಾಪಾಡಲಾರ. ಮೆಕ್ಯಾನಿಕಲ್ ಪಂಪಿನ ಹಳೇ ಡೀಸೆಲ್ಲಾದರೆ ಗಾಳಿ ಹೊಕ್ಕಿದ್ದನ್ನು ಒಂದು ನಟ್ಟು ಸಡಿಲಿಸಿ ತೆಗೆದು ಮನೆಗೆ ಬರಬಹುದು. ಬಿಡಿಭಾಗದ ಹೊಂದಾಣಿಕೆ ಅಂದರೆ ಬೋಲ್ಟಿನ ತೂತಿನ ಲೆಕ್ಕ ಅಷ್ಟೇ ಅಲ್ಲ. ಗಾಡಿ ಓಡಾಡುವ ಊರಿನ ಅಂಗಡಿಗೂ ಅಲ್ಲಿನ ಮೆಕ್ಯಾನಿಕ್ಕಿನ ಕೈಗೂ ಅದು ಹೊಂದಬೇಕು.

ಕೊನೆಗೆ ಕಾಗದ. ಇದನ್ನು ಬರೆಯಲು ನನಗೆ ನಾಚಿಕೆ ಇದೆ. ನನ್ನ ಜೀಪಿನ ಆರ್‌ಸಿಯಲ್ಲಿ ಇಂಧನ ಅನ್ನುವ ಕಡೆ ಪೆಟ್ರೋಲ್ ಅಂತಲೇ ಇತ್ತು. ಎಂಜಿನ್ ನಂಬರು ಯಾವತ್ತೋ ಗುಜರಿ ಸೇರಿದ ಹರಿಕೇನಿನದು. ಕೊಳ್ಳುವಾಗ ಪೇಂಟು ನೋಡಿದ ನಾನು ಇದನ್ನು ನೋಡಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ನಮೂದಿಸಿದ ಮೂಲ ವಿವರಗಳಿಗಿಂತ ಆರ್‌ಸಿಯ ವಿವರ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದಿಂದ ಬಂದ ಪ್ರಕರಣದಲ್ಲಿ ಇದನ್ನೇ ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು.

ಈ ಕಾನೂನಿನ ಮೇಲೂ ನನಗೊಂದು ತಕರಾರಿದೆ. ಅದು ನೋಡುವುದೂ ನಂಬರು ಕೂರುತ್ತಾ ಅನ್ನುವುದನ್ನೇ. ಆಕ್ಸಲ್ ಹೊಂದಿದೆಯಾ, ಬ್ರೇಕ್ ಸಾಕಾ ಅಂತ ಕೇಳಲ್ಲ. ಜೋಪಾನವಾಗಿ ಮಾಡಿದ ಸ್ವಾಪನ್ನೂ ನನ್ನ ಜೀಪಿನಂಥ ಕೊಲೆಪಾತಕ ಕೆಲಸವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತೆ. ಬಲ್ಲವರು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಸುಲಭದ ದಾರಿ ಇದ್ದಿದ್ದರೆ ಒಳ್ಳೆ ಕೆಲಸ ಮಾಡುವವರು ಕದ್ದುಮುಚ್ಚಿ ಮಾಡಬೇಕಿರಲಿಲ್ಲ, ಕೆಟ್ಟ ಕೆಲಸ ಮಾಡುವವರಿಗೆ ಆ ಮರೆಯೂ ಸಿಗುತ್ತಿರಲಿಲ್ಲ. ಆದರೆ ಆ ವಾದವನ್ನು ನಾನು ಮನೆಯಲ್ಲಿ ಕೂತು ಮಾಡಬಹುದು. ಅವತ್ತು ಬೆಂಗಳೂರಿನಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ಬರುವಾಗ ನಾನು ಯಾರಿಗಾದರೂ ಗುದ್ದಿದ್ದರೆ? ವಿಮೆ ಕಂಪನಿಗೆ ತಕರಾರು ತೆಗೆಯಲು ಆ ಆರ್‌ಸಿ ಒಂದೇ ಸಾಕಿತ್ತು. ನಷ್ಟ ಅನುಭವಿಸುವವನು ದಾರಿಹೋಕ.

ಆದ್ದರಿಂದ ಸ್ವಾಪ್ ಮಾಡಿದ ಗಾಡಿ ಕೊಳ್ಳುವವರಿಗೆ ನನ್ನದೊಂದು ಮನವಿ. ಎಚ್‌ಪಿ ಎಷ್ಟು ಅಂತ ಕಡೆಗೆ ಕೇಳಿ. ಮೊದಲು ಆರ್‌ಸಿ ಇಸ್ಕೊಂಡು ಬಾನೆಟ್ ಎತ್ತಿ ನಂಬರು ನೋಡಿ. ಆಮೇಲೆ ಒಂದು ಜಾಕು, ಒಂದು ಚಾಕ್‌ಪೀಸು ಕೇಳಿ. ಟ್ರಾನ್ಸ್‌ಫರ್ ಕೇಸು ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಒಂದು ಚಕ್ರ ಎತ್ತಿ ಎರಡು ಸುತ್ತು ತಿರುಗಿಸಿ ಎಣಿಸಿ. ಮುಂದೆ ಹಿಂದೆ ಒಂದೇ ಲೆಕ್ಕ ಬರಬೇಕು. ಮುಂದಿನ ಹಬ್‌ಗೆ ಲಾಕ್ ಇದ್ದರೆ ಅದನ್ನು ಹಾಕಿರಬೇಕು, ಮರೀಬೇಡಿ. ಹತ್ತು ನಿಮಿಷದ ಕೆಲಸ. ಗ್ಯಾರೇಜಿನವರು ಇದಕ್ಕೆ ಮುಖ ಸಿಂಡರಿಸಿದರೆ ಕಾಫಿ ಕುಡಿದು ವಾಪಸ್ ಬನ್ನಿ.

ನನ್ನ ಜೀಪು ಈಗ ಭಾವನ ಶೆಡ್ಡಿನಲ್ಲಿದೆ. ಹಿಂದೆ ಮತ್ತೆ 43ಕ್ಕೆ 8ರ ಆಕ್ಸಲ್ ಬಂದಿದೆ. ಡಿಐ ಎಂಜಿನ್ ಇಳಿಸಿದ್ದೇವೆ. ಹರಿಕೇನ್ ಬ್ಲಾಕೊಂದು ಸಿಕ್ಕಿ ಬೋರಿಂಗಿಗೆ ಹೋಗಿದೆ. ಅದು ಬಂದು, ಆರ್‌ಟಿಒಗೆ ಅರ್ಜಿ ಕೊಟ್ಟು, ನಂಬರು ಕಾಗದಕ್ಕೆ ಏರುವವರೆಗೆ ಗೇಟು ದಾಟುವ ಹಾಗಿಲ್ಲ ಅಂತ ಮನೆಯಲ್ಲಿ ಆರ್ಡರ್ ಆಗಿದೆ. ಪಿಕಪ್ ಕಮ್ಮಿ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಗೊತ್ತು. ಹೋದ ವಾರ ಫೋನ್ ಮಾಡಿದಾಗ ಮೆಕ್ಯಾನಿಕ್ ಅವರನ್ನು ಕೇಳಿದೆ, "ಕೊನೆಗೆ ಎಷ್ಟು ಸ್ಪೀಡ್ ಹೋಗಬಹುದು ಅಣ್ಣ?"

"ನಿಲ್ಲಬೇಕಾದ ಕಡೆ ನಿಲ್ಲುತ್ತೆ ಸಾರ್," ಅಂದರು.

ಸೀಟಿನ ಕೆಳಗೆ ಈಗ ಹಲಸಿನ ಮರದ ಎರಡು ತುಂಡುಗಳಿವೆ, ಚಕ್ರಕ್ಕೆ ಕೊಡೋದಕ್ಕೆ. ಭಾವನ ಮಗಳೇ ಕುಯ್ಯಿಸಿ ಇಟ್ಟಿದ್ದಾಳೆ. ತೆಗೆಯುವ ಧೈರ್ಯ ನನಗಿಲ್ಲ.